ಹಿತ್ತಲದ ಮೂವರು ಹಟಮಾರಿಗಳು

ಮನೆಯನ್ನು ಕಟ್ಟುವದು ಒಂದೆರಡು ವರುಷಗಳ ಕೆಲಸ; ಹಿತ್ತಲವನ್ನು ಕಾಯುವದು ಜನ್ಮವಿಡೀ ತೀರದ ಕೆಲಸ. ಬಿತ್ತಿದ್ದು ಹುಟ್ಟುವದೋ ಇಲ್ಲವೋ ಎಂಬ ಸಂಶಯವುಂಟು. ಬಿತ್ತದ ಕಸವು ಹುಟ್ಟುವದರಲ್ಲಿ ಸಂಶಯವೇ ಇಲ್ಲ. ಶಾಲೆಯ ಚಾಕರಿಯಿಂದ ನಿವೃತ್ತರಾದ ಮೇಲೆ ಈ ಸತ್ಯವು ನಮಗೆ ಚೆನ್ನಾಗಿ ಮನದಟ್ಟಾಗಿದೆ.

ನಮ್ಮ ವಾಸವು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ತಗ್ಗಿನ ಓಣಿಗಳನ್ನು ನುಂಗಿದಾಗ ಅಲ್ಲಿಂದೆದ್ದು ಬಂದ ಸಂಸಾರಗಳಲ್ಲಿ ನಮ್ಮದೂ ಒಂದು. ಹಳೆಯ ಮನೆಯ ಅಂಗಳದಿಂದ ತಂದ ಮಲ್ಲಿಗೆಯ ಕಡ್ಡಿಯು ಇಲ್ಲಿ ಚಿಗುರಿದ್ದನ್ನು ಕಂಡ ಮೇಲೆಯೇ ನಮ್ಮ ಮನೆಯವರು ಹೊಸ ಮನೆಯನ್ನು ತಮ್ಮದೆಂದು ಒಪ್ಪಿಕೊಂಡದ್ದು. ಎರಡು ಮಳೆಗಾಲಗಳ ಹಿಂದೆ ಅವರ ಕೈಗಳಲ್ಲಿ ತುರಿಕೆಯೆದ್ದು ಚರ್ಮವು ಕೆಂಪಾಗಿ ಬಿರಿಯತೊಡಗಿತು. ಇದು ಕಾಂಗ್ರೆಸ್ ಕಸದ ಪ್ರತಾಪವೆಂದು ಹೇಳಿದ ವೈದ್ಯರು, ಕಸವಾದರೂ ಹೋಗಬೇಕು, ಇಲ್ಲವೆ ಹಿತ್ತಲದ ಕೆಲಸವನ್ನಾದರೂ ಬಿಡಬೇಕೆಂದು ವಿಧಿಸಿದರು. ಆ ಮಲ್ಲಿಗೆ, ಆ ಪುಂಡಿಪಲ್ಯದ ಮಡಿಗಳನ್ನು ಬಿಡಿರೆಂದು ಅವರಿಗೆ ಹೇಳುವ ಬಾಯಿ ನಮಗಿರಲಿಲ್ಲ. ಆದುದರಿಂದ ಕಸವನ್ನೇ ಹೊರಡಿಸುವದೆಂದು ನಿಶ್ಚಯಿಸಿದೆವು.

ಮಾಸ್ತರಿಕೆಯಲ್ಲಿ ಕಲಿತ ಪಾಠವೊಂದುಂಟು: ಎಲ್ಲ ಹಟಮಾರಿಗಳಿಗೂ ಒಂದೇ ಬೆತ್ತವು ಸಲ್ಲದು. ನಮ್ಮ ಹಿತ್ತಲದಲ್ಲಿ ಅಂಥವರು ಮೂವರು. ಒಬ್ಬನು ಗಿಣ್ಣಿನಿಂದ ಬಾಳುವವನು, ಒಬ್ಬನು ಗಡ್ಡೆಯಿಂದ, ಮತ್ತೊಬ್ಬನು ಬೀಜದಿಂದ.

ಮೊದಲನೆಯದು ಕರಿಕೆ. ಅಮರಕೋಶವು ದೂರ್ವೆಗೆ ಶತಪರ್ವಿಕಾ, ಅನಂತಾ ಎಂಬ ಹೆಸರುಗಳನ್ನು ಕೊಟ್ಟಿದೆ. ನೂರು ಗಿಣ್ಣುಳ್ಳದ್ದು, ಕೊನೆಯಿಲ್ಲದ್ದು ಎಂಬರ್ಥ. ಇಳಕಲ್ಲಿನ ನೇಕಾರನ ಹಾಸುಹೊಕ್ಕಿನಂತೆ ಇದು ನೆಲದ ಮೇಲೊಂದು, ಕೆಳಗೊಂದು ಎಳೆಯನ್ನು ಹೆಣೆಯುತ್ತ ಹೋಗುವದು. ಗುದ್ದಲಿಯಿಂದ ಹತ್ತು ತುಂಡು ಮಾಡಿದರೆ ಹತ್ತು ಸಸಿಗಳಾಗುವವು. ಹುನಗುಂದದ ಕಡೆಯ ಎರೆಹೊಲಗಳಲ್ಲಿ ಹಿರಿಯರು ಬೇಸಿಗೆಯಲ್ಲಿ ಹಾರೆ ಹಾಕಿ ಹೆಂಟೆಗಳನ್ನು ಎಬ್ಬಿಸಿ, ಬೇರುಗಳನ್ನು ಬಿಸಿಲಿಗೆ ಕೆಡವುತ್ತಿದ್ದರು. ಮನೆಯ ಹಿತ್ತಲಕ್ಕೂ ಅದೇ ಮಾರ್ಗವು. ನಾವು ಎಲ್ಲವನ್ನೂ ಕೀಳಹೊರಟಾಗ ಮನೆಯವರು, “ಗಣಪ್ಪಗ ಏರಸೂವಷ್ಟರೆ ಇರಲಿ ಬಿಡ್ರಿ” ಎಂದು ತಡೆದರು. ಕಟ್ಟೆಯ ಬದಿಗೆ ಕಲ್ಲು ಹೂತು ಗೇಣಗಲದ ನೆಲವನ್ನು ಅದಕ್ಕೆ ಬಿಟ್ಟೆವು. ಕಲ್ಲಿನ ಒಳಗಿದ್ದರೆ ದೂರ್ವೆ, ಹೊರಗೆ ಬಂದರೆ ಕಸ!

ಎರಡನೆಯದು ಜೇಕು, ಸಂಸ್ಕೃತದಲ್ಲಿ ಮುಸ್ತಾ. ಇದರ ಗಡ್ಡೆಗಳು ನೆಲದೊಳಗೆ ಜಪಮಾಲೆಯಂತೆ ಒಂದಕ್ಕೊಂದು ಪೋಣಿಸಿಕೊಂಡಿರುವವು. ಮೇಲಿನ ಹುಲ್ಲನ್ನಷ್ಟೇ ಕಿತ್ತರೆ ಮಲಗಿದ್ದ ಗಡ್ಡೆಗಳು ಎಚ್ಚತ್ತು ಚಿಗುರುವವು. ಕಾಡುಹಂದಿಗಳು ಮುಸ್ತೆಯನ್ನು ಅಗೆಯುವದನ್ನು ಕಾಳಿದಾಸನು ಬಲ್ಲನು. ಚಾಲುಕ್ಯರ ಲಾಂಛನವೂ ವರಾಹವೇ. ಬಾದಾಮಿಯ ಗುಹೆಗಳಲ್ಲಿ ಭೂದೇವಿಯನ್ನೆತ್ತಿ ನಿಂತ ಆ ಮೂರ್ತಿಯನ್ನು ಕಂಡಾಗಲೆಲ್ಲ, ನಮ್ಮ ಹಿತ್ತಲಕ್ಕೂ ಒಮ್ಮೆ ದಯಮಾಡಿಸಬಾರದೇ ಎಂದುಕೊಳ್ಳುತ್ತೇವೆ. ವರಾಹನ ಕೆಲಸವನ್ನು ಮನುಷ್ಯನು ಮಾಡಬೇಕಾದರೆ ವೈಶಾಖದಲ್ಲಿ ಆಳವಾಗಿ ಅಗೆದು ಗಡ್ಡೆಗಳನ್ನು ಬಿಸಿಲಿನಲ್ಲಿ ಒಣಗಿಸಬೇಕು. ಉಳಿದವು ಚಿಗುರಿದಂತೆಲ್ಲ ಹದಿನೈದು ದಿನಕ್ಕೊಮ್ಮೆ ಬಿಡದೆ ಕೀಳಬೇಕು. ಎಲೆಯಿಲ್ಲದ ಗಡ್ಡೆಯು ಕೂಡಿಟ್ಟ ಗಂಟನ್ನು ತಿಂದು ತಿಂದು ಸೊರಗುವದು. ಜೇಕಿಗೆ ನೆರಳೂ ಒಗ್ಗದು. ದಟ್ಟವಾಗಿ ಹಬ್ಬುವ ಬಳ್ಳಿಯನ್ನು ಅಲ್ಲಿ ಬೆಳೆಸುವದು ಲೇಸು.

ಮೂರನೆಯದು ನಮ್ಮ ನಿಜವಾದ ಶತ್ರು. ಅಮೆರಿಕ ಖಂಡದ ಮೂಲದ ಈ ಪಾರ್ಥೇನಿಯಮ್ ಗಿಡವು 1955ರಲ್ಲಿ ಪುಣೆಯಲ್ಲಿ ಜನರ ಕಣ್ಣಿಗೆ ಬಿತ್ತು. ಆಮೇಲೆ ದೇಶವನ್ನೆಲ್ಲ ವ್ಯಾಪಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವದು. ಇದಕ್ಕೆ ಗಡ್ಡೆಯಿಲ್ಲ, ಗಿಣ್ಣಿನ ಬಲವಿಲ್ಲ; ಬೀಜವೊಂದೇ ಪ್ರಾಣ. ಹುಟ್ಟಿ ತಿಂಗಳು ಒಂದೂವರೆ ತಿಂಗಳಲ್ಲಿ ಹೂಬಿಡುವದರಿಂದ ಮಳೆ ಬಿದ್ದು ನೆಲವು ಹಸಿಯಾಗಿರುವಾಗಲೇ, ಹೂವಿನ ಮೊದಲೇ, ಬೇರುಸಹಿತ ಕೀಳಬೇಕು. ಕೈಗೆ ಚೀಲವನ್ನೋ ರಬ್ಬರಿನ ಕೈಗವಸನ್ನೋ ಹಾಕಿಕೊಳ್ಳುವದು ಅವಶ್ಯ. ಹೂಬಿಡದ ಗಿಡವು ತಿಪ್ಪೆಗೆ ಒಳ್ಳೆಯ ಗೊಬ್ಬರ. ಹೂಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಮಡಿಗಳಿಗೆ ನಾವೇ ಬಿತ್ತಿದಂತೆ. ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, ಮರುವರುಷ ಬಿಟ್ಟ ಸಣ್ಣ ದುಂಬಿಯೊಂದು ಮಳೆಗಾಲದಲ್ಲಿ ಈ ಎಲೆಗಳನ್ನು ಮೇಯುವದು. ಆದರೆ ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ನಿದ್ರಿಸುವದು. ಆದುದರಿಂದ ಅದನ್ನೇ ನಂಬಿ ನಾವು ಮಲಗುವಂತಿಲ್ಲ.

ಉಪ್ಪು ಸುರಿಯಿರೆಂದು ಕೆಲವರು ಬುದ್ಧಿ ಹೇಳಿದರು. ಉಪ್ಪಿನಿಂದ ಕಸದೊಡನೆ ನೆಲವೂ ಸವಳಾಗುವದು. ಇನ್ನು ಕೆಲವರು ಗ್ಲೈಫೋಸೇಟ್ ಹೊಡೆಯಿರೆಂದರು. ಅದು ಕಸವೆಂದೂ ಮಲ್ಲಿಗೆಯೆಂದೂ ಭೇದವೆಣಿಸದು. ಅಲ್ಲದೆ ಕೀಟನಿಯಂತ್ರಣದ ಪರವಾನಿಗೆಯುಳ್ಳವರ ಹೊರತು ಬೇರೆಯವರು ಅದನ್ನು ಬಳಸಬಾರದೆಂದು ಕೇಂದ್ರ ಸರಕಾರವು 2022ರಲ್ಲಿ ಅಪ್ಪಣೆ ಹೊರಡಿಸಿತು.

ನಮ್ಮ ಹಿತ್ತಲವೇನೋ ಶುದ್ಧವಾಯಿತು. ಪಕ್ಕದ ಖಾಲಿ ನಿವೇಶನದ ಕಸವು ಎದೆಯೆತ್ತರ ನಿಂತಿತ್ತು. ಅದರ ಪರಾಗವೂ ಬೀಜವೂ ನಮ್ಮ ಗೋಡೆಯನ್ನು ಕೇಳಿ ಬರುವವಲ್ಲ. ಮಾಲಕರು ದೂರದ ಊರಿನವರು. ಅವರ ಒಪ್ಪಿಗೆ ಪಡೆದು, ಓಣಿಯ ಐದಾರು ಮನೆಯವರು ಕೂಡಿ, ಆಷಾಢದ ಎರಡು ಭಾನುವಾರ ಅದನ್ನು ಕಿತ್ತೆವು. ಬಯಲಾದ ನೆಲಕ್ಕೆ ತಗಚೆಯ ಬೀಜವನ್ನು ಚೆಲ್ಲಿದೆವು. ತಗಚೆಯು ಒತ್ತಾಗಿ ಬೆಳೆದು ಆ ಕಸಕ್ಕೆ ಎಡೆಗೊಡದೆಂದು ಬಲ್ಲವರ ಅನುಭವ.

ಈ ವರುಷ ಅಲ್ಲಿ ಕಾಂಗ್ರೆಸ್ ಕಸವು ಅಲ್ಲೊಂದು ಇಲ್ಲೊಂದು ಮಾತ್ರ. ಮನೆಯವರ ಕೈಗಳು ವಾಸಿಯಾಗಿವೆ. ಕೈಗವಸು ತೊಟ್ಟು ಮಲ್ಲಿಗೆಯ ಪಾತಿಯನ್ನು ಮತ್ತೆ ತಾವೇ ಕೆದಕುತ್ತಾರೆ. ಮಣ್ಣೊಳಗಿನ ಬೀಜವು ವರುಷಗಟ್ಟಲೆ ಕಾಯಬಲ್ಲದೆಂಬದನ್ನು ಮಾತ್ರ ಓದುಗರು ಮರೆಯಬಾರದು. ಕಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು. ಗೃಹಸ್ಥನ ತಾಳ್ಮೆಯು ಅದಕ್ಕಿಂತ ಒಂದು ದಿನ ಹೆಚ್ಚಾಗಿದ್ದರೆ ಸಾಕು.