ಇಳಿದ ಹೆಡ್ಡು, ಏರಿದ ಹೆಡ್ಡು

ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತಿದೆ. ಸ್ಟಾರ್ಟ್ ಮಾಡಿ ಎರಡು ನಿಮಿಷವೂ ಆಗಿಲ್ಲ, ನೀರು ಇನ್ನೂ ತಣ್ಣಗಿದೆ, ಕುದಿಯುವ ಮಾತೇ ಇಲ್ಲ. ಆದರೂ ಬುಳುಬುಳು ನಿಲ್ಲುತ್ತಿಲ್ಲ. ಮೇಸ್ತ್ರಿ ಬಗ್ಗಿ ಒಮ್ಮೆ ಮೂಸಿ ನೋಡಿ, "ಹೊಗೆ ನಾತ ಬತ್ತೈತೆ ನೋಡಿ" ಎಂದು ಪಕ್ಕಕ್ಕೆ ಸರಿದು ನಿಮಗೆ ಜಾಗ ಬಿಡುತ್ತಾನೆ. ನೀವೂ ಬಗ್ಗುತ್ತೀರಿ. ಹೌದು, ಸೈಲೆನ್ಸರಿನ ಹಿಂದೆ ಬರಬೇಕಾದ ವಾಸನೆ ಮುಂದೆ ನೀರಿನಲ್ಲಿ ಬರುತ್ತಿದೆ. ಅವನು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಮೈ ತೋರಿಸುತ್ತಾನೆ. ಹಾಲು ಹೆಚ್ಚಾದ ಕಾಫಿಯ ಹಾಗೆ ಅಲ್ಲೊಂದಿಷ್ಟು ನೊರೆ ಮೆತ್ತಿಕೊಂಡಿದೆ. ಆಯಿಲಿಗೆ ನೀರು ಸೇರಿದೆ, ನೀರಿಗೆ ಹೊಗೆ ಸೇರಿದೆ. ಈ ಮೂರನ್ನೂ ಬೇರೆ ಬೇರೆ ಇಡುವ ಹೆಡ್ ಗ್ಯಾಸ್ಕೆಟ್ ಹೋಗಿದೆ.

"ಹೆಡ್ ಇಳಿಸ್ಬೇಕು" ಅನ್ನುತ್ತಾನೆ. ಕಾರಿನ ಯಜಮಾನರು ಉತ್ತರ ಕೊಡುವ ಮೊದಲು ರಸ್ತೆ ಕಡೆ ನೋಡುತ್ತಾರೆ. ಅಲ್ಲಿ ಕಾಫಿ ಹಣ್ಣಿನ ಮೂಟೆ ಹೇರಿಕೊಂಡ ಪಿಕಪ್ಪೊಂದು ಬೇಲೂರಿನ ಕಡೆಗೆ ಹೋಗುತ್ತಿದೆ. ಅರೇಹಳ್ಳಿಯಲ್ಲಿ ರೋಬಸ್ಟಾ ಕುಯ್ಲಿನ ಕಾಲ. ಬೆಳಗ್ಗೆ ಆಳು ಕರೆತರಲು, ಮಧ್ಯಾಹ್ನ ಗೊಬ್ಬರದಂಗಡಿಗೆ, ಸಂಜೆ ಆಳು ಬಿಟ್ಟು ಬರಲು, ಎಲ್ಲಕ್ಕೂ ಇದೊಂದೇ ಗಾಡಿ. ನಾಲ್ಕು ದಿನದ ಹಿಂದೆ ತೋಟದ ಏರಿನಲ್ಲಿ ನೀರಿನ ಪೈಪು ಬಿರಿದಿದೆ. ಮುಳ್ಳು ಕೆಂಪು ಮುಟ್ಟಿದ್ದು ನೋಡಿಯೂ ಮನೆ ಹತ್ತಿರವೇ ಅಲ್ವಾ ಎಂದು ಓಡಿಸಿಬಿಟ್ಟಿದ್ದಾರೆ. ಆಮೇಲೆ ಹಳ್ಳದ ನೀರು ತುಂಬಿಸಿ ಮತ್ತೆ ಓಡಿಸಿದ್ದಾರೆ.

ಗಾಡಿ ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟರಲ್ಲ, ಆ ವಂಶದ್ದು. 2014ಕ್ಕೆ ಕಂಪನಿ ತಯಾರಿಕೆ ನಿಲ್ಲಿಸಿತು, ಮಲೆನಾಡು ಓಡಿಸುವುದನ್ನು ನಿಲ್ಲಿಸಲಿಲ್ಲ. ಇದು ಕಾರ್ಬ್ಯುರೇಟರ್ ಇರುವ ಹಳೇ ಮಾದರಿ: 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವು. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಹೆಚ್ಚಿನದು ಕೈಗೂ ಸಿಗುತ್ತದೆ. ಈಗಿನ ಗಾಡಿಗಳ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ.

ಬ್ಯಾಟರಿಯ ನೆಗೆಟಿವ್ ವೈರು ಮೊದಲು ಕಳಚುತ್ತದೆ. ಕೆಳಗೆ ಬಾಣಲಿ ಇಟ್ಟು ನೀರು ಬಸಿದರೆ ಕೂಲೆಂಟಿನ ಹಸಿರಿಲ್ಲ, ತುಕ್ಕಿನ ಕೆಂಪು. ಏರ್ ಫಿಲ್ಟರ್, ಆಕ್ಸಿಲರೇಟರ್ ಕೇಬಲ್, ಪೆಟ್ರೋಲ್ ಪೈಪು. ಪ್ಲಗ್ ವೈರುಗಳಿಗೆ ಗ್ಯಾರೇಜಿನ ಹುಡುಗ ಬಿಳಿ ಟೇಪು ಸುತ್ತಿ ಒಂದು, ಎರಡು, ಮೂರು ಎಂದು ಬರೆಯುತ್ತಾನೆ. ಎಕ್ಸಾಸ್ಟಿನ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದೆ. ಆದರೂ ಒಂದು ನಟ್ಟು ಹಟ ಹಿಡಿದಿದೆ. ಮೇಸ್ತ್ರಿ ಪಾನಾಕ್ಕೆ ಪೈಪು ಸಿಕ್ಕಿಸುವುದಿಲ್ಲ. ಸ್ವಲ್ಪ ಬಿಗಿ ಮಾಡುತ್ತಾನೆ, ಸ್ವಲ್ಪ ಸಡಿಲ ಮಾಡುತ್ತಾನೆ, ಮತ್ತೆ ಬಿಗಿ. ಸ್ಟಡ್ ಮುರಿದರೆ ಅರ್ಧ ದಿನ ಡ್ರಿಲ್ಲು ಹಿಡಿದು ಕೂರಬೇಕು. ಅಂತೂ ಕಿರ್ರೆಂದು ಅದು ಬಿಡುತ್ತದೆ.

ಟೈಮಿಂಗ್ ಬೆಲ್ಟಿನ ಕವರ್ ತೆಗೆದ ಮೇಲೆ ಕ್ರ್ಯಾಂಕ್ ಪುಲ್ಲಿ ತಿರುಗಿಸಿ ಮಾರ್ಕಿಗೆ ಮಾರ್ಕು ಕೂರಿಸುತ್ತಾನೆ: ಮೇಲೆ ಕ್ಯಾಮ್ ಪುಲ್ಲಿಯ ಗುರುತು, ಕೆಳಗೆ ಕ್ರ್ಯಾಂಕಿನ ಗುರುತು. ಎರಡಕ್ಕೂ ಸೀಮೆಸುಣ್ಣದ ಒಂದೊಂದು ಗೆರೆ. ಟೆನ್ಶನರ್ ಸಡಿಲಿಸಿ ಬೆಲ್ಟು ಜಾರಿಸಿದ ಮೇಲೆ ಹುಡುಗನಿಗೆ ಕಟ್ಟಪ್ಪಣೆ: "ಇನ್ನು ಯಾರೂ ಏನೂ ತಿರುಗಿಸ್ಬಾರ್ದು."

ಟ್ಯಾಪೆಟ್ ಕವರ್ ಎದ್ದಿತು. ಈಗ ಹೆಡ್ ಬೋಲ್ಟು. ಒಂದನ್ನೇ ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗುವವರೂ ಇದ್ದಾರೆ. ಇವನು ಹಾಗಲ್ಲ. ಎರಡು ತುದಿಯಿಂದ ಶುರು ಮಾಡಿ ನಡುವಿಗೆ ಬರುತ್ತಾನೆ; ಪ್ರತಿಯೊಂದಕ್ಕೂ ಮೊದಲ ಸುತ್ತಿನಲ್ಲಿ ಕಾಲು ತಿರುವು ಮಾತ್ರ. ಮತ್ತೆ ತುದಿಯಿಂದ ಇನ್ನೊಂದು ಕಾಲು. ಹೆಡ್ಡು ಅಲ್ಯೂಮಿನಿಯಂ, ಹಿಡಿದಿರುವ ಬೋಲ್ಟು ಉಕ್ಕು. ಕಾಯಿಸಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಅತಿಯಾಗಿ ಕಾದ ಎಂಜಿನ್ನಿನಲ್ಲಿ ಹೆಡ್ಡು ಹಿಗ್ಗಲು ನೋಡುತ್ತದೆ, ಬೋಲ್ಟು ಬಿಡುವುದಿಲ್ಲ, ಅಲ್ಲೇ ಬಾಗುತ್ತದೆ. ಆಗಲೇ ಬಾಗಿರಬಹುದಾದ ಹೆಡ್ಡನ್ನು ಒಂದೇ ಕಡೆಯಿಂದ ಬಿಚ್ಚಿದರೆ ಇನ್ನಷ್ಟು ಬಾಗಿಸಿದ ಹಾಗೆ.

ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಎರಡು ಏಟು. ಬ್ಲಾಕಿಗೂ ಹೆಡ್ಡಿಗೂ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವವರನ್ನು ಕಂಡರೆ ಇವನಿಗಾಗದು. ಆ ಗೀರಿನಲ್ಲೇ ನಾಳೆ ನೀರು ದಾರಿ ಹುಡುಕುತ್ತದಂತೆ. ಮೂರನೇ ಏಟಿಗೆ ಒಳಗೆ ಅಂಟು ಬಿಟ್ಟ ಸದ್ದು. ಎರಡು ಕೈಯಲ್ಲಿ ಎತ್ತಿ, ಮಗ್ಗುಲಾಗಿ ತಿರುಗಿಸಿ, ಗೋಣಿಚೀಲದ ಮೇಲೆ ಮಲಗಿಸುತ್ತಾನೆ.

ಬನ್ನಿ, ಹತ್ತಿರ ಬಂದು ನೋಡಿ. ಮೂರು ಪಿಸ್ಟನ್ನಿನ ತಲೆ ಕಾಣುತ್ತಿದೆ. ಎರಡರ ಮೇಲೆ ಮಸಿ ಕಪ್ಪಗೆ, ದಪ್ಪಗೆ ಕೂತಿದೆ. ಮೂರನೆಯದು ಮಾತ್ರ ಬೆಳ್ಳಗೆ ತೊಳೆದು ಇಟ್ಟಂತಿದೆ. ಆ ಸಿಲಿಂಡರಿಗೆ ಹನಿಹನಿ ನೀರು ಇಳಿದು, ಬೆಂಕಿಗೆ ಹಬೆಯಾಗಿ, ಮಸಿಯನ್ನೆಲ್ಲ ಕಿತ್ತು ಹಿಂದಿನ ಪೈಪಿನಿಂದ ಬಿಳಿ ಹೊಗೆಯಾಗಿ ಹೋಗಿದೆ. ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದರೆ ಅದೇ ಸಿಲಿಂಡರಿನ ಉಂಗುರದ ಪಕ್ಕ, ನೀರಿನ ತೂತಿನ ಕಡೆಗೆ, ಬೆರಳುಗುರಿನಷ್ಟು ಜಾಗ ಸುಟ್ಟು ಹೋಗಿದೆ. ಮೇಸ್ತ್ರಿ ಮಾತಾಡದೆ ಅದನ್ನು ಯಜಮಾನರ ಕೈಗೆ ಕೊಡುತ್ತಾನೆ.

ಹೆಡ್ಡಿನ ಮುಖ ಒರೆಸಿ, ಉಕ್ಕಿನ ನೇರಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಗೆ ಫೀಲರ್ ಗೇಜಿನ ಎಲೆ ತೂರಿಸುವುದು ಮುಂದಿನ ಕೆಲಸ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಲಿಮೀಟರ್ ದಾಟಬಾರದು. ನಡುವೆ 0.10ರ ಎಲೆ ಸಲೀಸಾಗಿ ಒಳಗೆ ಹೋಗುತ್ತದೆ. "ಹಾಸನಕ್ಕೆ ಹೋಗ್ಬೇಕು."

ಹುಡುಗ ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತುತ್ತಾನೆ. ಸಪಾಟು ಮಾಡುವ ದೊಡ್ಡ ಮಿಷನ್ನು ಇರುವುದು ಜಿಲ್ಲಾ ಕೇಂದ್ರದಲ್ಲಿ. ದಾರಿ ಬೇಲೂರಿನ ಮೇಲೇ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇಗುಲದ ಒಳಗಿನ ಕಂಬಗಳನ್ನು ನೀವು ನೋಡಿಯೇ ಇರುತ್ತೀರಿ. ಬಳಪದ ಕಲ್ಲನ್ನು ತಿರುಗಿಸಿ ಕಡೆದು ತೆಗೆದ ಗುಂಡು ಕಂಬಗಳು, ಮೈಮೇಲೆ ಬಳೆಬಳೆ ಗೆರೆ. ಪ್ರವಾಸಿಗಳಿಗೆ ದರ್ಪಣ ಸುಂದರಿ ಇಷ್ಟ. ಲೇತಿನ ಕೆಲಸ ಬಲ್ಲವರು ಆ ಕಂಬಗಳ ಹತ್ತಿರ ನಿಲ್ಲುತ್ತಾರೆ. ಬಸ್ಸಿನ ಹುಡುಗನಿಗೆ ಇದ್ಯಾವುದೂ ಬೇಕಿಲ್ಲ. ತೊಡೆ ಮೇಲೆ ಭಾರ ಇಟ್ಟುಕೊಂಡು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಾನೆ.

ಮರುದಿನ ಹೆಡ್ಡು ವಾಪಸು. ಮುಖ ಕೂದಲೆಳೆಯಷ್ಟು ಕಳೆದುಕೊಂಡು ಹೊಳೆಯುತ್ತಿದೆ. ಇನ್ನು ವಾಲ್ವು ಉಜ್ಜುವ ಕೆಲಸ. ಬಿಸ್ಕತ್ತಿನ ರಟ್ಟಿನ ಡಬ್ಬಿಗೆ ಆರು ತೂತು ಮಾಡಿ ಆರು ವಾಲ್ವನ್ನು ನಿಲ್ಲಿಸಿದ್ದಾರೆ, ಯಾವ ಸಿಲಿಂಡರಿನದು ಎಂದು ಪೆನ್ನಿನಲ್ಲಿ ಬರೆದು. ಒಂದರ ಸೀಟಿಗೆ ಒಗ್ಗಿದ ವಾಲ್ವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಕಡ್ಡಿಯ ತುದಿಯ ರಬ್ಬರ್ ಬಟ್ಟಲನ್ನು ವಾಲ್ವಿನ ತಲೆಗೆ ಕಚ್ಚಿಸಿ, ಹುಡುಗ ಎರಡು ಅಂಗೈ ನಡುವೆ ಕಡ್ಡಿಯನ್ನು ಹೊಸೆಯುತ್ತಾನೆ. ಕರಕರ ಸದ್ದು. ಸ್ವಲ್ಪ ಹೊತ್ತಿಗೆ ಎತ್ತಿ, ಕಾಲು ಸುತ್ತು ತಿರುಗಿಸಿ ಕೂರಿಸಿ, ಮತ್ತೆ. ಕರಕರ ಹೋಗಿ ನುಣ್ಣನೆ ಸದ್ದು ಬಂದಾಗ ಪೇಸ್ಟ್ ಸವೆದಿದೆ ಎಂದು ತಿಳಿಯುತ್ತದೆ. ಒರೆಸಿದರೆ ಸೀಟಿನ ಸುತ್ತ ಬೂದು ಬಣ್ಣದ ಒಂದೇ ಪಟ್ಟಿ, ಎಲ್ಲೂ ಕಡಿಯದೆ. ಆಮೇಲೆ ಹೊಸ ಸೀಲು, ಸ್ಪ್ರಿಂಗು, ಲಾಕು. ಹೆಡ್ಡನ್ನು ಮಗ್ಗುಲಾಗಿಸಿ ಪೋರ್ಟಿಗೆ ಪೆಟ್ರೋಲ್ ಸುರಿದು ಕಾಯುತ್ತಾರೆ. ಐದು ವಾಲ್ವು ಒಣಗಿವೆ. ಆರನೆಯದರ ಅಂಚಿನಲ್ಲಿ ಪಸೆ. ಅದೊಂದನ್ನು ಬಿಚ್ಚಿ ಮತ್ತೆ ಉಜ್ಜು ಎಂದು ಮೇಸ್ತ್ರಿ ಟೀಗೆ ಹೋಗುತ್ತಾನೆ. ಹುಡುಗನ ಮುಖ ನೋಡಬೇಕು.

ಬ್ಲಾಕಿನ ಮೇಲ್ಮೈ ಕೆರೆಯುವುದನ್ನು ಮಾತ್ರ ಮೇಸ್ತ್ರಿ ಯಾರಿಗೂ ಬಿಡುವುದಿಲ್ಲ. ಸಿಲಿಂಡರಿಗೆ ಬಟ್ಟೆ ತುರುಕಿ, ಹಳೇ ಗ್ಯಾಸ್ಕೆಟ್ಟಿನ ಅಂಟನ್ನು ಚೂರುಚೂರೇ ತೆಗೆದು, ಬೆರಳ ತುದಿಯಿಂದ ಸವರಿ ನೋಡುತ್ತಾನೆ. ಆಮೇಲೆ ಬೋಲ್ಟಿನ ತೂತುಗಳು. ತಳ ಮುಚ್ಚಿದ ತೂತಿನಲ್ಲಿ ನೀರೋ ಆಯಿಲೋ ನಿಂತಿದ್ದರೆ ಬೋಲ್ಟು ಇಳಿದಾಗ ಅದಕ್ಕೆ ಹೋಗಲು ಜಾಗವಿಲ್ಲ. ಟಾರ್ಕ್ ರೆಂಚು ಬಿಗಿಯಾಯಿತು ಎಂದು ಸುಳ್ಳು ಹೇಳುತ್ತದೆ, ಇಲ್ಲವೇ ಬ್ಲಾಕೇ ಬಿರಿಯುತ್ತದೆ. ಪ್ರತಿ ತೂತಿಗೂ ಗಾಳಿ ಹೊಡೆಯುತ್ತಾನೆ. ಹೆಡ್ ಕೆಲಸದಲ್ಲಿ ತೋಳಿನ ಬಲಕ್ಕಿಂತ ಈ ಒರೆಸುವ ಕೆಲಸವೇ ದೊಡ್ಡದು. ಬಿಲ್ಲಿನಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ.

ಹೊಸ ಗ್ಯಾಸ್ಕೆಟ್ಟು, 'ಟಾಪ್' ಎಂದು ಬರೆದ ಮುಖ ಮೇಲೆ. ಪೇಸ್ಟು ಗೀಸ್ಟು ಏನೂ ಇಲ್ಲ. ಹೆಡ್ಡು ಕೂತಿತು. ಬಿಚ್ಚುವಾಗ ತುದಿಯಿಂದ ನಡುವಿಗೆ ಬಂದಿದ್ದ ಕೈ ಈಗ ನಡುವಿನಿಂದ ತುದಿಗೆ ಹೋಗುತ್ತದೆ, ಮೂರು ಸುತ್ತಿನಲ್ಲಿ. ಕೊನೆಯ ಸುತ್ತಿಗೆ ಟಾರ್ಕ್ ರೆಂಚು ಟಕ್ ಎನ್ನುತ್ತದೆ, ಇನ್ನೊಂದು ಬೋಲ್ಟು, ಟಕ್. ಗೆರೆಗೆ ಗೆರೆ ಹೊಂದಿಸಿ ಬೆಲ್ಟು ಹಾಕಿ, ಸ್ಟಾರ್ಟರ್ ಮುಟ್ಟದೆ, ಎಂಜಿನ್ನನ್ನು ಪಾನಾದಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸುತ್ತಾನೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಎರಡು ಗುರುತೂ ಮತ್ತೆ ಜಾಗಕ್ಕೆ ಬಂದವು. ಟ್ಯಾಪೆಟ್ ಸಂದು ಒಂದೊಂದೇ ಹೊಂದಿಸುತ್ತಾನೆ. ಪ್ಲಗ್ ವೈರು ಹುಡುಗನೇ ಹಾಕಬೇಕು. "ಫೈರಿಂಗ್ ಆರ್ಡರ್ ಹೇಳು." "ಒಂದು, ಮೂರು, ಎರಡು." ಸರಿ.

ಜಗಳ ಬಂದಿದ್ದು ಥರ್ಮೋಸ್ಟಾಟಿಗೆ. ಅದನ್ನು ಕಿತ್ತು ಬಿಸಾಕಿ ಅಂತ ಯಜಮಾನರು. ನೀರು ಸದಾ ಓಡಾಡಿದರೆ ಎಂಜಿನ್ ತಂಪಾಗಿರುತ್ತದಲ್ಲ ಎಂಬ ವಾದ. ಎಷ್ಟೋ ಗ್ಯಾರೇಜಿನಲ್ಲಿ ಇದೇ ವೇದವಾಕ್ಯ. ಮಲೆನಾಡಿನ ಜನವರಿ ಬೆಳಗಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಎಂಜಿನ್ ಬಿಸಿಯೇ ಏರದೆ ಪೆಟ್ರೋಲ್ ಕುಡಿಯುತ್ತದೆ, ಮಸಿ ಕಟ್ಟುತ್ತದೆ, ಬೇಗ ಸವೆಯುತ್ತದೆ. ಮೇಸ್ತ್ರಿ ವಾದ ಮಾಡದೆ ಹೊಸದನ್ನೇ ಕೂರಿಸುತ್ತಾನೆ. "ಇದರ ಕಾಸು ನೀವು ಕೊಡ್ಬೇಡಿ ಬುಡಿ." ಯಜಮಾನರು ಕೊಡುತ್ತಾರೆ ಅಂತ ಅವನಿಗೆ ಗೊತ್ತು.

ಹೊಸ ಆಯಿಲ್, ಹಸಿರು ಕೂಲೆಂಟ್. ಮೊದಲ ಸೆಲ್ಫಿಗೆ ಬರಲಿಲ್ಲ, ಎರಡನೆಯದಕ್ಕೂ ಇಲ್ಲ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಏರಬೇಕು. ಮೂರನೆಯದಕ್ಕೆ ಕೆಮ್ಮಿ ಹಿಡಿಯಿತು. ಹಿಂದಿನಿಂದ ಬಿಳಿ ಹೊಗೆ ಬಂದಾಗ ಯಜಮಾನರ ಮುಖ ಬಾಡಿತು. ಪೈಪಿನಲ್ಲಿ ಉಳಿದ ಹಳೇ ನೀರು, ಕಾಯಿರಿ ಎಂದ ಮೇಸ್ತ್ರಿ. ಕ್ಯಾಪ್ ತೆಗೆದ ರೇಡಿಯೇಟರಿನ ನೀರು ಅಲ್ಲಾಡದೆ ನಿಂತಿದೆ. ಹುಡುಗ ಮೇಲಿನ ಪೈಪು ಹಿಡಿದುಕೊಂಡಿದ್ದಾನೆ: ತಣ್ಣಗೆ, ತಣ್ಣಗೆ, ಫಕ್ಕನೆ ಬಿಸಿ. ಥರ್ಮೋಸ್ಟಾಟ್ ತೆರೆಯಿತು. ಮಟ್ಟ ಇಳಿದಷ್ಟು ಕೂಲೆಂಟ್ ಸುರಿದು ಕ್ಯಾಪ್ ಹಾಕುತ್ತಾನೆ. ಇನ್ನೂ ಸ್ವಲ್ಪ ಹೊತ್ತಿಗೆ ಫ್ಯಾನು ತಾನಾಗಿ ತಿರುಗಿ, ತಾನಾಗಿ ನಿಂತಿತು. ಹೊಗೆ ಅಷ್ಟರಲ್ಲೇ ತೆಳುವಾಗಿದೆ.

ಏರು ಹತ್ತಿಸಿ ನೋಡದೆ ಗಾಡಿ ಕೊಡುವ ಪೈಕಿ ಅವನಲ್ಲ. ಆದರೆ ಗಂಟೆ ಐದೂವರೆ ದಾಟಿದೆ. ಯಜಮಾನರ ಮೊಬೈಲಿಗೆ ತೋಟದವರ ಗುಂಪಿನಿಂದ ಕಾಡಾನೆ ಎಲ್ಲಿದೆ ಎಂಬ ಸಂದೇಶ ಬಂದಿದೆ. ಬೇಲೂರು ತಾಲೂಕಿನ ಈ ಕಡೆ ಹೊತ್ತು ಮುಳುಗುವ ವೇಳೆಗೆ ತೋಟದ ದಾರಿ ಹಿಡಿಯುವ ಮುಂಚೆ ಎಲ್ಲರೂ ನೋಡುವುದು ಇದನ್ನೇ. ಬಿಕ್ಕೋಡು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬರೋಣ ಎಂದು ಮೂವರೂ ಹತ್ತುತ್ತೀರಿ. ಮೂರನೇ ಗೇರಿನಲ್ಲಿ ಏರು ಹತ್ತಿತು, ಮುಳ್ಳು ಅರ್ಧದ ಕೆಳಗೇ ನಿಂತಿದೆ. ಮೇಸ್ತ್ರಿ ಮುಳ್ಳು ನೋಡುತ್ತಿಲ್ಲ, ಕಿಟಕಿ ಇಳಿಸಿ ಟ್ಯಾಪೆಟ್ ಸದ್ದು ಕೇಳುತ್ತಿದ್ದಾನೆ.

"ಐನೂರು ಕಿಲೋಮೀಟರ್ ಆದ್ಮೇಲೆ ಬನ್ನಿ. ಬೋಲ್ಟು ಇನ್ನೊಂದ್ಸಾರಿ ನೋಡ್ಬೇಕು."

"ಕುಯ್ಲು ಮುಗೀಲಪ್ಪ."

"ಕುಯ್ಲು ಮುಗಿಯೋದ್ರೊಳಗೇ ಐನೂರು ಆಯ್ತದೆ. ಅಲ್ಲೀವರ್ಗೂ ಬೆಳಗ್ಗೆ ಗಾಡಿ ತಣ್ಣಗಿರುವಾಗ್ಲೇ ಕ್ಯಾಪ್ ತೆಗ್ದು ನೀರು ನೋಡಿ. ಹಳ್ಳದ ನೀರು ಮಾತ್ರ ಬೇಡ."