ತೋಫುವಿನ ಪಕ್ವಾಪಕ್ವ ವಿಚಾರ

ಸಂಸ್ಕೃತದ ‘ಪಚ್’ ಧಾತುವಿಗೆ ಬೇಯಿಸುವುದೆಂಬ ಅರ್ಥವಿರುವಂತೆಯೇ ಮಾಗಿಸುವುದು, ಜೀರ್ಣಿಸುವುದು ಎಂಬ ಅರ್ಥಗಳೂ ಉಂಟು. ಒಲೆಯ ಮೇಲಿನ ಅನ್ನವೂ ಪಕ್ವ, ಮರದ ಮೇಲಿನ ಮಾವಿನ ಹಣ್ಣೂ ಪಕ್ವ. ಬಹುಕಾಲ ವಿದ್ಯಾರ್ಥಿಗಳಿಗೆ ಈ ಧಾತುವನ್ನು ಬೋಧಿಸಿದ ನನಗೆ, ಅದರ ಅರ್ಥವನ್ನು ಅಡಿಗೆಮನೆಯಲ್ಲಿಯೇ ವಿಚಾರಮಾಡುವ ಪ್ರಸಂಗವು ನಿವೃತ್ತಿಯ ಬಳಿಕ ಒದಗಿತು. ಇದಕ್ಕೆ ನಿಮಿತ್ತವಾದುದು ತೋಫು.

ನಮ್ಮ ಸೊಸೆಯು ಕಚೇರಿಯಿಂದ ಹಿಂದಿರುಗುವಾಗ ರಾತ್ರಿ ಎಂಟು ಗಂಟೆ ಮೀರಿರುತ್ತದೆ. ಕೈಕಾಲು ತೊಳೆದವಳೇ ತೋಫುವಿನ ಪೊಟ್ಟಣವನ್ನು ಕತ್ತರಿಸಿ, ನೀರು ಬಸಿದು, ಚೂರುಗಳಿಗೆ ಉಪ್ಪು, ಮೆಣಸಿನ ಪುಡಿ, ನಿಂಬೆಯ ರಸ ಬೆರೆಸಿ ತಿನ್ನುವಳು. “ಒಲೆಯನ್ನೇ ಕಾಣದ್ದನ್ನು ತಿಂದರೆ ಹೊಟ್ಟೆ ಕೆಡದೇನಮ್ಮ?” ಎಂದು ನನ್ನ ಪತ್ನಿಯು ಕೇಳುವಳು. “ಅತ್ತೆ, ಅದು ಬೆಂದೇ ಬಂದಿರುತ್ತದೆ” ಎಂದು ಸೊಸೆಯ ಉತ್ತರ. ಕಾಳಜಿಯ ಮಾತು ಆಕ್ಷೇಪಣೆಯಾಗಿ ಕೇಳಿಸಿ, ಅವಳು ತಟ್ಟೆಯನ್ನು ಕೋಣೆಗೊಯ್ದು ಒಬ್ಬಳೇ ಉಣ್ಣತೊಡಗಿದುದನ್ನು ಕಂಡು, ನಾನು ಈ ವಿಷಯವನ್ನು ತುಸು ಶೋಧಿಸಿದೆನು.

ತೋಫು ಸೋಯಾ ಅವರೆಯಿಂದಾಗುವುದು. ಕಾಳನ್ನು ನೆನೆಯಿಟ್ಟು, ಅರೆದು, ಕುದಿಸಿ, ಸೋಸಿ ಹಾಲು ತೆಗೆಯುತ್ತಾರೆ. ಹಸಿಯ ಸೋಯಾದಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿಮಾಡುವ ಅಂಶವಿದ್ದು, ಅದರ ಬಹುಭಾಗವು ಈ ಕುದಿತದಲ್ಲಿ ನಾಶವಾಗುತ್ತದೆ. ಬಳಿಕ ಕ್ಯಾಲ್ಸಿಯಂ ಸಲ್ಫೇಟನ್ನೋ, ಸಮುದ್ರದ ಉಪ್ಪಿನಿಂದ ಬಸಿದ ಕಹಿಯಾದ ದ್ರವವನ್ನೋ ಬೆರೆಸಿ ಹಾಲನ್ನು ಒಡೆಸಿ, ಒತ್ತಿ ಗಟ್ಟಿಮಾಡುತ್ತಾರೆ. ಆದಕಾರಣ ಪೊಟ್ಟಣದೊಳಗಿರುವುದು ಹಸಿಯಲ್ಲ, ಪಕ್ವವೇ ಸರಿ.

ಚೀನದಲ್ಲಿ ಹುಟ್ಟಿದ ಈ ಆಹಾರವನ್ನು ಜಪಾನೀಯರು ಬೇಸಗೆಯಲ್ಲಿ ತಣ್ಣಗೆಯೇ ಶುಂಠಿ, ಈರುಳ್ಳಿಯ ಎಲೆ, ಸೋಯಾ ಸಾಸುಗಳೊಡನೆ ತಿನ್ನುವರು. ಇದಕ್ಕೆ ಹಿಯಯಾಕ್ಕೊ ಎಂದು ಹೆಸರು. ಚಳಿಗಾಲದಲ್ಲಿ ಅದನ್ನೇ ಬಿಸಿನೀರಿನಲ್ಲಿ ಕಾಯಿಸಿದರೆ ಯುದೋಫು; ಕ್ಯೋಟೋ ನಗರವು ಇದಕ್ಕೆ ಪ್ರಸಿದ್ಧವಾಗಿದೆ. 1782ರಲ್ಲಿ ಓಸಾಕಾದಲ್ಲಿ ಪ್ರಕಟವಾದ ‘ತೋಫು ಹ್ಯಕುಚಿನ್’ ಎಂಬ ಗ್ರಂಥದಲ್ಲಿ ನೂರು ಬಗೆಯ ತೋಫು ಅಡಿಗೆಗಳಿವೆ. ತಣ್ಣಗಿನದಕ್ಕೂ ಬಿಸಿಯದಕ್ಕೂ ಅಲ್ಲಿ ವಿರೋಧವಿಲ್ಲ. ಇರುವುದು ಋತುಭೇದ ಮಾತ್ರ.

ಹಾಗೆಂದು ನನ್ನ ಪತ್ನಿಯ ಶಂಕೆಯು ನಿರಾಧಾರವಲ್ಲ. ಬೆಂದ ಅನ್ನವೂ ಹಳಸುವುದಷ್ಟೆ! ತೆರೆದ ಪಾತ್ರೆಯ ನೀರಿನಲ್ಲಿಟ್ಟು ಮಾರುವ ತೋಫುವನ್ನು ಚೆನ್ನಾಗಿ ಕಾಯಿಸಿಯೇ ತಿನ್ನಬೇಕು. ಮುಚ್ಚಿದ ಪೊಟ್ಟಣವಾದರೂ ಉಬ್ಬಿದ್ದರೆ, ಹುಳಿವಾಸನೆ ಬಂದರೆ, ದಿನಾಂಕ ಮೀರಿದ್ದರೆ ಬಿಸಾಡತಕ್ಕದ್ದು. ಬೇಯಿಸಿ ತಿನ್ನಬೇಕೆಂದು ಅದರ ಮೇಲೆ ಬರೆದಿದ್ದರೆ ಹಾಗೆಯೇ ಮಾಡತಕ್ಕದ್ದು. ಉಳಿದ ಚೂರನ್ನು ಶುದ್ಧವಾದ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಮೂರು ನಾಲ್ಕು ದಿನಗಳೊಳಗೆ ಮುಗಿಸಬೇಕು. ಆದುದರಿಂದ ಗೃಹಸ್ಥರು ಕೇಳಬೇಕಾದ ಪ್ರಶ್ನೆಯು ‘ಒಲೆ ಹೊತ್ತಿತೇ?’ ಎಂಬುದಲ್ಲ, ‘ಹೇಗೆ ಕಾಪಾಡಿದ್ದು?’ ಎಂಬುದು.

ಈ ನಿರ್ಣಯವನ್ನು ಅತ್ತೆ ಸೊಸೆಯರಿಬ್ಬರ ಮುಂದೆಯೂ ಇಟ್ಟೆನು. ದಿನಾಂಕ ನೋಡುವ ಅಧಿಕಾರವನ್ನು ನನ್ನ ಪತ್ನಿಯು ತಾನೇ ವಹಿಸಿಕೊಂಡಳು; ಸೊಸೆಯ ತಟ್ಟೆಯು ಎಲ್ಲರ ನಡುವೆ ಬಂದಿತು. ಆದರೆ ಹಿರಿಯಳು ಮಾತ್ರ ಇಂದಿಗೂ ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಬಾಡಿಸಿದ್ದನ್ನಲ್ಲದೆ ಬೇರೆಯದನ್ನು ಮುಟ್ಟಳು. ಅದೂ ಬಲು ರುಚಿಯಾಗಿರುತ್ತದೆ.