ಉಕ್ಕಿನ ಊರಲ್ಲಿ ಸಿಂಥ್ ಸದ್ದು

ಇಂಗ್ಲೆಂಡಿನ ಶೆಫೀಲ್ಡ್ ಅಂದ್ರೆ ನೆನಪಾಗೋದು ಚಾಕು, ಚಮಚ, ಉಕ್ಕು. ನಾನು ಅಲ್ಲಿಗೆ ಹೋಗಿದ್ದು ಮಾತ್ರ ಹಳೇ ಸಿಂಥಸೈಜರ್ ಹಾಡುಗಳ ಜಾಡು ಹಿಡಿದು.

ಮೊದಲು ನೋಡಬೇಕಾದ್ದು ಕೆಲ್ಹಮ್ ಐಲ್ಯಾಂಡ್ ಮ್ಯೂಸಿಯಂ. ಅಲ್ಲಿರುವ 1905ರ ರಿವರ್ ಡಾನ್ ಉಗಿಯಂತ್ರದ್ದು 12,000 ಅಶ್ವಶಕ್ತಿ! ಅದು ಗುಡುಗುವಾಗ, ಈ ಊರಿನ ಮಕ್ಕಳು ಎಂಥ ಸದ್ದಿನ ನಡುವೆ ಬೆಳೆದಿರಬಹುದು ಅಂತ ಅರ್ಥವಾಗುತ್ತೆ.

1973ರಲ್ಲೇ ಇಲ್ಲಿನ ಕ್ಯಾಬರೆ ವೋಲ್ಟೇರ್ ತಂಡದ ಹುಡುಗರು ಟೇಪ್ ರೆಕಾರ್ಡರ್ ಇಟ್ಕೊಂಡು ವಿಚಿತ್ರ ಸದ್ದುಗಳ ಪ್ರಯೋಗ ಶುರು ಮಾಡಿದ್ದರು. ಆಮೇಲೆ ಹ್ಯೂಮನ್ ಲೀಗ್ ಕಟ್ಟಿದ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಇಬ್ಬರೂ ಕಂಪ್ಯೂಟರ್ ಆಪರೇಟರ್‌ಗಳು. ನಮ್ಮ ಕಸುಬಿನವರೇ ಅನ್ನಿ! ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಕೈಲಿದ್ದ ಕಾರ್ಗ್ ಸಿಂಥ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. 1978ರ ಅವರ ಮೊದಲ ಹಾಡು ‘ಬೀಯಿಂಗ್ ಬಾಯ್ಲ್ಡ್’ ಧ್ವನಿಮುದ್ರಣವಾಗಿದ್ದು ಮನೆಬಳಕೆಯ ಟೇಪ್ ರೆಕಾರ್ಡರ್‌ನಲ್ಲಿ. ತಾಳವೂ ಯಂತ್ರದ್ದೇ. ಕೇಳಿ ನೋಡಿ, ದೂರದಲ್ಲೆಲ್ಲೋ ಕುಲುಮೆಯ ಸುತ್ತಿಗೆ ಬಿದ್ದ ಹಾಗಿದೆ.

1980ರಲ್ಲಿ ಉಕ್ಕಿನ ಕಾರ್ಮಿಕರು ಮೂರು ತಿಂಗಳು ಮುಷ್ಕರ ಹೂಡಿದರು. ಆ ದಶಕದಲ್ಲಿ ಕಾರ್ಖಾನೆಗಳು ಮುಚ್ಚುತ್ತಾ ಹೋಗಿ ಸಾವಿರಾರು ಜನ ಕೆಲಸ ಕಳ್ಕೊಂಡರು. 1981ರ ಡಿಸೆಂಬರ್‌ನಲ್ಲಿ ಹ್ಯೂಮನ್ ಲೀಗ್‌ನ ‘ಡೋಂಟ್ ಯೂ ವಾಂಟ್ ಮಿ’ ಬ್ರಿಟನ್ನಿನ ನಂಬರ್ ಒನ್ ಹಾಡಾಯ್ತು. ವೇರ್, ಮಾರ್ಷ್ ಅಷ್ಟರಲ್ಲಿ ತಂಡ ಬಿಟ್ಟಿದ್ದರು. ಹಾಡು ಯಾರಿಗೂ ಕೆಲಸ ವಾಪಸ್ ಕೊಡಲಿಲ್ಲ, ನಿಜ. ಆದ್ರೆ ದೊಡ್ಡ ಯಂತ್ರಗಳು ಸುಮ್ಮನಾಗುತ್ತಿದ್ದ ಹೊತ್ತಲ್ಲಿ ಊರಿನ ಹೆಸರು ಹೇಳಿದ್ದು ಈ ಪುಟ್ಟ ಯಂತ್ರಗಳೇ.

ರೈಲ್ವೆ ಸ್ಟೇಷನ್ ಹಿಂದಿನ ಪಾರ್ಕ್ ಹಿಲ್ ಗುಡ್ಡ ಹತ್ತಿದರೆ ಊರು ಚೆನ್ನಾಗಿ ಕಾಣುತ್ತೆ. ಹೋದರೆ ಹೆಡ್‌ಫೋನ್ ಮರೀಬೇಡಿ.